ಜಿಡಿಸ್ಕ್ರಿಪ್ಟ್: ಒಂದು ಅಳಗುಳಿ ಮನೆ ಕಟ್ಟಿ ನೋಡಿದ ಮೇಲೆ

ಬೇಸಿಗೆ ರಜೆಗೆ ಬಂದಿದ್ದ ಅಣ್ಣನ ಮಗಳು, ಎಂಟನೆಯ ತರಗತಿ ಮುಗಿಸಿದವಳು, ಮೊಬೈಲಿನಲ್ಲಿ ಆಡಿ ಆಡಿ ಬೇಸತ್ತ ಒಂದು ಮಧ್ಯಾಹ್ನ ಇಂಥದ್ದನ್ನು ನಾವೇ ಮಾಡಲು ಬರುವುದಿಲ್ಲವೇ ಎಂದು ಕೇಳಿದಳು. ನನ್ನ ನೌಕರಿಯೂ ಕೋಡ್ ಬರೆಯುವುದೇ ಆದರೂ ನಾನು ಬರೆಯುವುದು ಡೇಟಾಬೇಸಿನಿಂದ ವರದಿ ತೆಗೆಯುವ ಒಣ ಕೋಡ್. ಪರದೆಯ ಮೇಲೆ ಒಂದು ಚೆಂಡನ್ನು ಪುಟಿಸಿದ ಅನುಭವವೂ ನನಗಿರಲಿಲ್ಲ. ಹೀಗಾಗಿ ಇಬ್ಬರೂ ಒಟ್ಟಿಗೆ ಕಲಿಯಲು ಕುಳಿತೆವು. ಆರಿಸಿಕೊಂಡ ಭಾಷೆ ಗೊಡೋ ಎಂಬ ಆಟ ಕಟ್ಟುವ ತಂತ್ರಾಂಶದ, ಅಂದರೆ ಗೇಮ್ ಎಂಜಿನ್‌ನ ಜೊತೆಗೇ ಬರುವ ಜಿಡಿಸ್ಕ್ರಿಪ್ಟ್. ಮಾಡಲು ಹೊರಟ ಆಟ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಅಜ್ಜಿಯ ಅಳಗುಳಿ ಮನೆ. ಆರು ವಾರಗಳ ನಂತರ ಆಟ ಸಿದ್ಧವಾಗಿದೆ, ಭಾಷೆಯ ಬಗ್ಗೆ ಒಂದು ಅಭಿಪ್ರಾಯವೂ ಮೂಡಿದೆ. ಜಿಡಿಸ್ಕ್ರಿಪ್ಟ್ ಸುಲಭ ಎಂಬ ಮಾತು ನಿಜ, ಆದರೆ ಆ ಸುಲಭತೆ ಬರುವುದು ಅದರ ವ್ಯಾಕರಣದಿಂದ ಎನ್ನುವುದಕ್ಕಿಂತ ಅದು ವಾಸವಿರುವ ಮನೆಯಿಂದ. ಆ ಮನೆಯ ಹೊರಗೆ ಅದಕ್ಕೆ ಬಾಳುವೆಯಿಲ್ಲ.

ಗೊಡೋವನ್ನು ಆರಂಭಿಸಿದವರು ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಾನ್ಸುರ್. 2014ರ ಫೆಬ್ರವರಿಯಲ್ಲಿ ಅದರ ಮೂಲ ಕೋಡ್ ಎಂಐಟಿ ಪರವಾನಗಿಯಡಿ ಎಲ್ಲರಿಗೂ ತೆರೆಯಿತು. ಆ ಪರವಾನಗಿಯ ಅರ್ಥ ಸರಳವಾದದ್ದು: ಎಂಜಿನ್‌ಗೆ ಬೆಲೆ ಇಲ್ಲ, ನೀವು ಮಾಡಿದ ಆಟ ಮಾರಾಟವಾದರೆ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಮೊದಮೊದಲು ಇದರಲ್ಲಿ ಲುವಾ ಭಾಷೆಯನ್ನು ಬಳಸಲಾಗುತ್ತಿತ್ತು, ಪೈಥಾನ್ ಅನ್ನು ಒಳಗೆ ಕೂರಿಸುವ ಪ್ರಯೋಗವೂ ನಡೆದಿತ್ತು. ಎರಡೂ ಎಂಜಿನ್‌ನ ಒಳರಚನೆಗೆ ಸರಿಯಾಗಿ ಒಗ್ಗದ ಕಾರಣ ಕೊನೆಗೆ ತಮ್ಮದೇ ಭಾಷೆಯನ್ನು ಮಾಡಿಕೊಂಡರು. ಪೇಟೆಯಲ್ಲಿ ಸಿಗುವ ಅಂಗಿ ಹೊಂದದಿದ್ದಾಗ ಅಳತೆ ಕೊಟ್ಟು ಹೊಲಿಸಿಕೊಂಡಂತೆ. ಈ ಭಾಷೆಯ ಗುಣಗಳೂ ಕೊರತೆಗಳೂ ಬಹುಮಟ್ಟಿಗೆ ಆ ಹೊಲಿಗೆಯಿಂದಲೇ ಬಂದಿವೆ. 2023ರ ಸೆಪ್ಟೆಂಬರಿನಲ್ಲಿ ಇನ್ನೊಂದು ಗೇಮ್ ಎಂಜಿನ್ ತಯಾರಿಸುವ ಯೂನಿಟಿ ಸಂಸ್ಥೆಯು ಆಟ ಪ್ರತಿ ಸಲ ಇನ್‌ಸ್ಟಾಲ್ ಆದಾಗಲೂ ಶುಲ್ಕ ವಿಧಿಸುವ ಯೋಜನೆಯನ್ನು ಪ್ರಕಟಿಸಿದಾಗ ಅನೇಕ ಆಟ ತಯಾರಕರು ಗೊಡೋ ಕಡೆಗೆ ತಿರುಗಿದರು. ಒಂದು ವರ್ಷದ ಬಳಿಕ ಆ ಶುಲ್ಕ ರದ್ದಾಯಿತು. ಬ್ರೊಟಾಟೊ, ಡೋಮ್ ಕೀಪರ್, ಬಕ್‌ಶಾಟ್ ರೂಲೆಟ್‌ನಂಥ ಹೆಸರುಗಳನ್ನು ಕೇಳಿದ್ದವರಿಗೆ, ಅವೆಲ್ಲ ಗೊಡೋದಲ್ಲೇ ತಯಾರಾದವು ಎಂದರೆ ಇದು ಬರೀ ಮಕ್ಕಳ ಆಟಿಕೆಯಲ್ಲ ಎಂಬುದು ತಿಳಿಯುತ್ತದೆ.

ಇಳಿಸಿಕೊಳ್ಳುವುದು ಸುಲಭ. ನೂರು ಎಂಬಿಗಿಂತ ಚಿಕ್ಕದಾದ ಒಂದು ಜಿಪ್ ಕಡತ, ಬಿಚ್ಚಿದರೆ ಒಳಗೆ ನೇರವಾಗಿ ಓಡುವ ಪ್ರೋಗ್ರಾಂ. ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಖಾತೆ ತೆರೆಯುವ ಒತ್ತಾಯವಿಲ್ಲ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು. ಹಳೆಯ ಲ್ಯಾಪ್‌ಟಾಪ್ ಇರುವವರು ಹೊಸ ಪ್ರಾಜೆಕ್ಟ್ ಆರಂಭಿಸುವಾಗ ಚಿತ್ರಣದ ಬಗೆಯನ್ನು ಕೇಳುವಲ್ಲಿ ‘ಕಂಪ್ಯಾಟಿಬಿಲಿಟಿ’ ಎಂಬುದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಿಕ್ಕವು ವಲ್ಕನ್‌ನಂಥ ಹೊಸ ಗ್ರಾಫಿಕ್ಸ್ ವ್ಯವಸ್ಥೆಯನ್ನು ಬೇಡುತ್ತವೆ, ಅಳಗುಳಿ ಮನೆಯಂಥ ಆಟಕ್ಕೆ ಅದರ ಅಗತ್ಯವೇ ಇಲ್ಲ.

ಈಗ ಆ ‘ಮನೆ’ಯ ಮಾತು. ಗೊಡೋದಲ್ಲಿ ಎಲ್ಲವೂ ನೋಡ್, ನೋಡ್‌ಗಳು ಸೇರಿ ಮರದಂತೆ ಕವಲೊಡೆದರೆ ಅದು ಸೀನ್. ಚಿತ್ರ ತೋರಿಸಲು ಒಂದು ನೋಡ್, ಅಕ್ಷರ ತೋರಿಸಲು ಒಂದು, ಶಬ್ದಕ್ಕೆ ಒಂದು, ಸಮಯ ಎಣಿಸಲು ಇನ್ನೊಂದು. ನಮ್ಮ ಆಟದಲ್ಲಿ ಒಂದು ಗುಳಿ ಎಂದರೆ ಒತ್ತಲು ಒಂದು ಬಟನ್, ಅದರ ಕೆಳಗೆ ಗುಳಿಯ ಚಿತ್ರ, ಅದರ ಮೇಲೆ ಬೀಜಗಳ ಸಂಖ್ಯೆ. ಇಷ್ಟನ್ನು ಒಂದು ಸೀನ್ ಆಗಿ ಉಳಿಸಿ ಹದಿನಾಲ್ಕು ಸಲ ಹಲಗೆಯ ಮೇಲೆ ಇಟ್ಟೆವು, ಈ ಬದಿಗೆ ಏಳು, ಆ ಬದಿಗೆ ಏಳು. ಗುಳಿಯ ಬಣ್ಣ ಬದಲಿಸಬೇಕೆಂದು ಹುಡುಗಿಗೆ ಅನಿಸಿದಾಗ ಮೂಲ ಸೀನಿನಲ್ಲಿ ಒಮ್ಮೆ ಬದಲಿಸಿದಳು, ಹದಿನಾಲ್ಕೂ ಬದಲಾದವು. ಇದೇ ತತ್ವವನ್ನು ಕ್ಲಾಸ್, ಆಬ್ಜೆಕ್ಟ್ ಎಂಬ ಪದಗಳಲ್ಲಿ ಅರ್ಥ ಮಾಡಿಕೊಳ್ಳಲು ನನಗೆ ಕಾಲೇಜಿನಲ್ಲಿ ಅರ್ಧ ಸೆಮಿಸ್ಟರ್ ಹಿಡಿದಿತ್ತು. ಶಾಲೆಯ ಲ್ಯಾಬಿನಲ್ಲಿ ಸ್ಕ್ರ್ಯಾಚ್ ಕಲಿತು ಬಂದಿದ್ದ ಅವಳಿಗೆ ಇದು ಹೊಸದೂ ಅನಿಸಲಿಲ್ಲ. ಅಲ್ಲಿ ಬಣ್ಣಬಣ್ಣದ ಇಟ್ಟಿಗೆಗಳನ್ನು ಜೋಡಿಸುತ್ತಿದ್ದಳು, ಇಲ್ಲಿ ಇಟ್ಟಿಗೆಯ ಜಾಗದಲ್ಲಿ ಸಾಲುಗಳನ್ನು ಬರೆಯಬೇಕು, ಅಷ್ಟೇ ವ್ಯತ್ಯಾಸ ಎಂದು ತಾನೇ ತೀರ್ಮಾನಿಸಿಕೊಂಡಳು. ಪೂರ್ತಿ ನಿಜವಲ್ಲದಿದ್ದರೂ ಆರಂಭಕ್ಕೆ ಸಾಕಾಗುವಷ್ಟು ನಿಜ.

ಒಂದು ನೋಡ್ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಬಗೆಗೆ ಸಿಗ್ನಲ್ ಎಂದು ಹೆಸರು. ಶಾಲೆಯ ಜವಾನ ಗಂಟೆ ಬಾರಿಸುತ್ತಾನೆ. ಗಂಟೆ ಕೇಳಿ ಯಾರು ಊಟಕ್ಕೆ ಓಡುತ್ತಾರೆ, ಯಾರು ಗಣಿತದ ಪುಸ್ತಕ ತೆಗೆಯುತ್ತಾರೆ ಎಂಬುದು ಅವನ ತಲೆನೋವಲ್ಲ. ಗುಳಿಯೂ ಹಾಗೆಯೇ ‘ನನ್ನನ್ನು ಒತ್ತಿದರು’ ಎಂದು ಸಾರಿ ಸುಮ್ಮನಾಗುತ್ತದೆ, ಏನು ಮಾಡಬೇಕೆಂಬುದನ್ನು ಹಲಗೆ ನೋಡಿಕೊಳ್ಳುತ್ತದೆ. ಎಡಿಟರಿನಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಈ ಸಂಬಂಧ ಏರ್ಪಟ್ಟು, ಅದಕ್ಕೆ ಬೇಕಾದ ಖಾಲಿ ಫಂಕ್ಷನ್ (ಹೆಸರಿಟ್ಟು ಕರೆಯುವ ಕೋಡಿನ ತುಂಡು) ತಾನಾಗಿ ಬರೆದುಕೊಂಡು, ಅದರ ಪಕ್ಕದಲ್ಲಿ ಒಂದು ಹಸಿರು ಬಾಣ ಕಾಣಿಸುತ್ತದೆ. ಆ ಫಂಕ್ಷನ್ನಿನ ಹೆಸರನ್ನು ಮಾತ್ರ ಕೈಯಿಂದ ಬದಲಿಸಬಾರದು. ಬದಲಿಸಿದರೆ ಬಾಣ ಮಾಯವಾಗುತ್ತದೆ, ಗಂಟೆ ಬಾರಿಸಿದರೂ ಯಾರೂ ಏಳುವುದಿಲ್ಲ.

ಭಾಷೆಯ ರೂಪ ಪೈಥಾನ್‌ಗೆ ಹತ್ತಿರ. ಬಳ್ಳಿಯಂಥ ಆವರಣಗಳಿಲ್ಲ, ಸಾಲಿನ ಕೊನೆಗೆ ಅರ್ಧವಿರಾಮ ಬೇಡ. ಸಾಲು ಎಷ್ಟು ಒಳಸರಿದಿದೆ ಎಂಬುದರ ಮೇಲೆ ಯಾವುದು ಯಾವುದರ ಒಳಗಿದೆ ಎಂದು ತಿಳಿಯುತ್ತದೆ. ‘ರೆಡಿ’ ಎಂಬ ಫಂಕ್ಷನ್ನಿನಲ್ಲಿ ಬರೆದದ್ದು ಆರಂಭದಲ್ಲಿ ಒಮ್ಮೆ ನಡೆಯುತ್ತದೆ, ‘ಪ್ರೊಸೆಸ್’ ಎಂಬುದರಲ್ಲಿ ಬರೆದದ್ದು ಪರದೆ ಹೊಸದಾಗಿ ಮೂಡುವ ಪ್ರತಿ ಸಲವೂ ನಡೆಯುತ್ತದೆ. ಈ ಎರಡನೆಯದಕ್ಕೆ ‘ಡೆಲ್ಟಾ’ ಎಂಬ ಒಂದು ಸಂಖ್ಯೆ ಬಂದು ಸೇರುತ್ತದೆ, ಅಂದರೆ ಹಿಂದಿನ ಸಲಕ್ಕೂ ಈ ಸಲಕ್ಕೂ ನಡುವೆ ಕಳೆದ ಸೆಕೆಂಡುಗಳು. ವೇಗವನ್ನು ಇದರಿಂದ ಗುಣಿಸದೆ ಬಿಟ್ಟರೆ ಸೆಕೆಂಡಿಗೆ 60 ಸಲ ಮೂಡುವ ಪರದೆಯಲ್ಲಿ ನಿಧಾನಕ್ಕೆ ಉರುಳುವ ಬೀಜ, 144 ಸಲ ಮೂಡುವ ಪರದೆಯಲ್ಲಿ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ. ಬೇರೆ ಕಡೆ ಹತ್ತನೆಯ ಪಾಠದಲ್ಲಿ ಬರುವ ಈ ವಿಷಯವನ್ನು ಇಲ್ಲಿ ಭಾಷೆಯೇ ಮೊದಲ ದಿನ ಕಣ್ಣೆದುರು ಇಡುತ್ತದೆ.

ಆದರೆ ಪೈಥಾನ್‌ನಂತೆ ಕಾಣುತ್ತದೆ ಎಂದು ಪೈಥಾನ್ ಎಂದೇ ನಂಬಿದರೆ ಮೋಸ ಹೋಗುತ್ತೇವೆ, ನಾನು ಹೋದೆ. ನಮ್ಮ ಮನೆಯ ಕ್ರಮದಲ್ಲಿ ಬೀಜ ಹಾಕುವುದು ನಾನು ಗುಳಿಗಳಿಗೆ ಕೊಟ್ಟಿದ್ದ ಸಂಖ್ಯೆಗೆ ಹಿಮ್ಮುಖವಾಗಿತ್ತು. ಈಚೆ ಬದಿಯ ಗುಳಿಗಳು ಸೊನ್ನೆಯಿಂದ ಆರು, ಆಚೆ ಬದಿಯವು ಏಳರಿಂದ ಹದಿಮೂರು. ಒಂದನ್ನು ಕಳೆದು, ಹದಿನಾಲ್ಕರಿಂದ ಭಾಗಿಸಿ ಉಳಿದ ಶೇಷವೇ ಮುಂದಿನ ಗುಳಿ ಎಂದು ಬರೆದೆ. ಸೊನ್ನೆಯ ಗುಳಿಯಿಂದ ಮುಂದೆ ಹೋದಾಗ ಪೈಥಾನ್ ಆಗಿದ್ದರೆ ಶೇಷ 13 ಬರುತ್ತಿತ್ತು. ಜಿಡಿಸ್ಕ್ರಿಪ್ಟ್ ಸಿ ಭಾಷೆಯ ಸಂಪ್ರದಾಯದ್ದು, −1 ಎನ್ನುತ್ತದೆ. ಇಷ್ಟಕ್ಕೇ ಪ್ರೋಗ್ರಾಂ ಮುರಿದು ಬಿದ್ದಿದ್ದರೆ ಆಗಲೇ ತಿಳಿಯುತ್ತಿತ್ತು. ಆದರೆ ಇಲ್ಲಿ ಪಟ್ಟಿಯ −1ನೆಯ ಜಾಗ ಎಂದರೆ ಕೊನೆಯಿಂದ ಮೊದಲನೆಯದು ಎಂದರ್ಥ, ಹಾಗಾಗಿ ಬೀಜ ಸರಿಯಾಗಿ 13ನೆಯ ಗುಳಿಗೇ ಬಿತ್ತು, −2 ಎಂದರೆ 12ನೆಯದಕ್ಕೆ ಬಿತ್ತು. ತಪ್ಪಿದ್ದು ಒಂದೇ: ಬೀಜ ಬಿದ್ದಾಗ ಈಚೆ ಬದಿಯ ಗುಳಿ ಹಳದಿಯಾಗಿ, ಆಚೆ ಬದಿಯದು ನೀಲಿಯಾಗಿ ಮಿನುಗಬೇಕಿತ್ತು, ‘ಆರಕ್ಕಿಂತ ಹೆಚ್ಚಿಲ್ಲದಿದ್ದರೆ ಹಳದಿ’ ಎಂಬ ನನ್ನ ಷರತ್ತಿಗೆ −1 ಕೂಡ ಒಪ್ಪುವುದರಿಂದ ಆಚೆ ಬದಿಯ ಗುಳಿಗಳು ಆಗಾಗ ಹಳದಿಯಾಗಿ ಮಿನುಗತೊಡಗಿದವು. ಇಡೀ ಸಂಜೆ ಬಣ್ಣದ ಕೋಡನ್ನು ಜಾಲಾಡಿದೆ, ಕಳ್ಳ ಲೆಕ್ಕದಲ್ಲಿ ಕೂತಿದ್ದ. ಪರಿಹಾರ ಒಂದು ಪದ, ‘ಪಾಸ್‌ಮಾಡ್’ ಎಂಬ ಫಂಕ್ಷನ್. ಹದಿನಾಲ್ಕರಿಂದ ಭಾಗಿಸಿದಾಗ ಅದು ಕೊಡುವ ಶೇಷ ಎಂದೂ ಸೊನ್ನೆಗಿಂತ ಕಡಿಮೆಯಾಗುವುದಿಲ್ಲ. ಏಳನ್ನು ಎರಡರಿಂದ ಭಾಗಿಸಿದರೆ ಮೂರೂವರೆ ಬರದೆ ಮೂರು ಬರುವುದೂ ಇದೇ ಜಾತಿಯ ವ್ಯತ್ಯಾಸ; ಅದಕ್ಕಾದರೂ ಎಡಿಟರ್ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಕೊಡುತ್ತದೆ.

ಎರಡನೆಯ ಪಾಠ ಹುಡುಗಿಯ ಅವಸರದಿಂದ ಬಂತು. ಬೀಜಗಳು ಒಂದಾದ ಮೇಲೊಂದು ಬೀಳುವುದು ಕಾಣಬೇಕಾದರೆ ನಡುವೆ ತುಸು ಕಾಯಬೇಕು. ಜಿಡಿಸ್ಕ್ರಿಪ್ಟ್‌ನಲ್ಲಿ ಇದಕ್ಕೆ ‘ಅವೇಟ್’ ಎಂಬ ಪದವಿದೆ: ಒಂದು ಟೈಮರ್ ಮಾಡಿ, ಅದು ಮುಗಿಯಿತೆಂಬ ಸಿಗ್ನಲ್ ಬರುವವರೆಗೆ ಇಲ್ಲೇ ನಿಲ್ಲು ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಈ ಫಂಕ್ಷನ್ ನಿಂತಿದ್ದರೂ ಆಟದ ಮಿಕ್ಕ ಭಾಗ ನಡೆಯುತ್ತಲೇ ಇರುತ್ತದೆ. ಅಲ್ಲೇ ಇತ್ತು ತೊಡಕು. ಬೀಜಗಳು ಇನ್ನೂ ಬೀಳುತ್ತಿರುವಾಗಲೇ ಅವಳು ಇನ್ನೊಂದು ಗುಳಿಯನ್ನು ಒತ್ತಿದಳು. ಕೈಯಲ್ಲಿರುವ ಬೀಜಗಳ ಲೆಕ್ಕ ಇಟ್ಟುಕೊಂಡಿದ್ದ ಒಂದೇ ವೇರಿಯಬಲ್ ಮೇಲೆ ಹೊಸ ಸಂಖ್ಯೆ ಬರೆಯಲ್ಪಟ್ಟು, ಹಾಕದೆ ಉಳಿದಿದ್ದ ಮೂರು ಬೀಜ ಗಾಳಿಗೆ ಹೋದವು. ಗುಳಿಗೆ ನಾಲ್ಕರಂತೆ ಒಟ್ಟು 56 ಬೀಜಗಳಿರಬೇಕಾದ ಮನೆಯಲ್ಲಿ 53 ಇದ್ದವು. ಬೀಜ ಕದ್ದವರಾರು ಎಂದು ಅಳಗುಳಿ ಮನೆಯ ಮುಂದೆ ಜಗಳವಾಗುವುದು ಹಳೆಯ ಕಥೆ, ಆದರೆ ಕಂಪ್ಯೂಟರಿನ ಮೇಲೆ ಆ ಆರೋಪ ಬಂದದ್ದು ನಮ್ಮ ಮನೆಯಲ್ಲಿ ಮೊದಲ ಸಲ. ಬೀಜ ಹಾಕುವುದು ನಡೆಯುತ್ತಿದೆಯೇ ಇಲ್ಲವೇ ಎಂದು ತಿಳಿಸುವ ಒಂದು ಹೌದು-ಅಲ್ಲ ವೇರಿಯಬಲ್ ಇಟ್ಟು, ಹೌದು ಎಂದಿದ್ದಾಗ ಒತ್ತಿದ್ದನ್ನು ಕಡೆಗಣಿಸುವಂತೆ ಮಾಡಿದ ಮೇಲೆ 56 ಗಟ್ಟಿಯಾಗಿ ನಿಂತಿತು. ‘ಅವೇಟ್’ ಬರೆಯುವುದು ಸುಲಭವಾಗಿರುವುದರಿಂದಲೇ, ಅದು ಬಂದ ಜಾಗದಲ್ಲೆಲ್ಲ ನಡುವೆ ಯಾರಾದರೂ ಕೈ ಹಾಕಬಹುದು ಎಂಬುದು ಮರೆತುಹೋಗುತ್ತದೆ.

ನಿಯಮಗಳು ಮನೆಮನೆಗೂ ಬೇರೆ. ಗುಳಿಗೆ ನಾಲ್ಕು ಬೀಜವೇ ಐದೇ ಎಂಬುದರಲ್ಲೇ ಒಮ್ಮತವಿಲ್ಲ. ಇಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಗುರುತು ನನಗೆ ಬಹಳ ಹಿಡಿಸಿತು: ವೇರಿಯಬಲ್ ಹಿಂದೆ ಇದನ್ನು ಬರೆದರೆ ಆ ಸಂಖ್ಯೆ ಎಡಿಟರಿನ ಪಕ್ಕದ ಪಟ್ಟಿಯಲ್ಲಿ ಒಂದು ಪೆಟ್ಟಿಗೆಯಾಗಿ ಕಾಣಿಸುತ್ತದೆ, ಕೋಡ್ ತೆರೆಯದೆ ಬದಲಿಸಬಹುದು. ಅಮ್ಮ ತಮ್ಮ ತವರಿನ ಕ್ರಮದಂತೆ ಐದು ಬೀಜ ಇರಬೇಕೆಂದಾಗ ಕೋಡ್ ಎಂದರೇನೆಂದು ತಿಳಿಯದ ಅವರ ಕೈಯಲ್ಲೇ ಆ ಪೆಟ್ಟಿಗೆಯಲ್ಲಿ 5 ಎಂದು ತುಂಬಿಸಿದೆವು.

ವೇರಿಯಬಲ್‌ಗೆ ಇದು ಪೂರ್ಣಾಂಕ, ಇದು ಅಕ್ಷರಮಾಲೆ ಎಂದು ಜಾತಿ ಹೇಳುವುದು ಇಲ್ಲಿ ಕಡ್ಡಾಯವಲ್ಲ. ಮೊದಲ ವಾರ ಹೇಳದೆ ಬರೆಯಿರಿ, ಆಮೇಲೆ ಹೇಳುವ ಅಭ್ಯಾಸ ಮಾಡಿಕೊಳ್ಳಿ ಎನ್ನುವುದು ನನ್ನ ಸಲಹೆ. ಜಾತಿ ಹೇಳಿದ ಕೂಡಲೇ ಎಡಿಟರ್ ಚುರುಕಾಗಿ, ಚುಕ್ಕಿ ಒತ್ತಿದೊಡನೆ ಏನೇನು ಮಾಡಬಹುದು ಎಂಬ ಪಟ್ಟಿಯನ್ನು ಮುಂದಿಡುತ್ತದೆ, ಅನೇಕ ತಪ್ಪುಗಳನ್ನು ಓಡಿಸುವ ಮೊದಲೇ ಹಿಡಿಯುತ್ತದೆ. ಗೊಡೋದ್ದೇ ಆದ ನೋಡ್ ಅಥವಾ ಫಂಕ್ಷನ್ನಿನ ಹೆಸರಿನ ಮೇಲೆ ಕಂಟ್ರೋಲ್ ಹಿಡಿದು ಒತ್ತಿದರೆ ಅದರ ವಿವರಣೆ ಎಡಿಟರಿನ ಒಳಗೇ ತೆರೆಯುತ್ತದೆ, ಇಂಟರ್ನೆಟ್ ಇರಲೇಬೇಕೆಂದಿಲ್ಲ. ಕರೆಂಟು ಹೋಗಿ ವೈಫೈ ನಿಂತ ಸಂಜೆಗಳಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಾವು ಕಲಿತದ್ದೇ ಹೆಚ್ಚು.

ದೋಷಗಳಲ್ಲಿ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಆವೃತ್ತಿಗಳ ನಡುವಿನ ಕಂದಕ. 2023ರ ಮಾರ್ಚಿನಲ್ಲಿ 4.0 ಬಂದಾಗ ಎಂಜಿನ್ ಜೊತೆಗೆ ಭಾಷೆಯೂ ಬದಲಾಯಿತು. ಹಿಂದಿನ ‘ಯೀಲ್ಡ್’ ಹೋಗಿ ‘ಅವೇಟ್’ ಬಂತು, ‘ಇನ್‌ಸ್ಟೆನ್ಸ್’ ಎಂಬುದು ‘ಇನ್‌ಸ್ಟ್ಯಾನ್ಶಿಯೇಟ್’ ಆಯಿತು, ‘ಎಕ್ಸ್‌ಪೋರ್ಟ್’ ಮತ್ತು ‘ಆನ್‌ರೆಡಿ’ಗಳ ಹಿಂದೆ ಅಟ್ ಚಿಹ್ನೆ ಸೇರಿತು, ಪಾತ್ರಗಳನ್ನು ನಡೆಸುವ ಕೈನೆಮ್ಯಾಟಿಕ್‌ಬಾಡಿ ಎಂಬ ನೋಡ್ ಕ್ಯಾರೆಕ್ಟರ್‌ಬಾಡಿ ಎಂದು ಹೆಸರು ಬದಲಿಸಿಕೊಂಡಿತು, ಅದನ್ನು ಚಲಿಸುವ ‘ಮೂವ್ ಅಂಡ್ ಸ್ಲೈಡ್’ಗೆ ವೇಗವನ್ನು ಆವರಣದೊಳಗೆ ಕೊಡುವ ಪದ್ಧತಿ ನಿಂತಿತು. ಒಂದೊಂದೂ ಒಳ್ಳೆಯ ಬದಲಾವಣೆಯೇ. ಆದರೆ 3ನೇ ಆವೃತ್ತಿಯ ಕಾಲದ ವಿಡಿಯೊಗಳೂ ಪಾಠಗಳೂ ಇಂಟರ್ನೆಟ್‌ನಲ್ಲಿ ಹಾಗೆಯೇ ಇವೆ, ಹೊಸಬರು ಅವನ್ನು ನೋಡಿ ಅಕ್ಷರಶಃ ಹಾಗೆಯೇ ಬರೆದು, ತಮ್ಮದೇ ತಪ್ಪೆಂದು ಕೊರಗುತ್ತಾರೆ. ನಾನು ಕೂಡ ರಿಯಾಯಿತಿಯಲ್ಲಿ ಸಿಕ್ಕಿತೆಂದು ಒಂದು ಆನ್‌ಲೈನ್ ಕೋರ್ಸ್ ಕೊಂಡೆ. ಅದರ ಹೆಸರು ಇಲ್ಲಿ ಬೇಡ, ಮೂರನೆಯ ಪಾಠದಲ್ಲಿ ‘ಯೀಲ್ಡ್’ ಕಂಡಾಗ ಹಣ ಹೋಯಿತೆಂದು ತಿಳಿಯಿತು. ಯಾವ ಪಾಠವನ್ನೇ ಆಗಲಿ ಆರಂಭಿಸುವ ಮೊದಲು ಅದು 4ನೇ ಆವೃತ್ತಿಯದೇ ಎಂದು ನೋಡಿಕೊಳ್ಳಬೇಕು. ದುಡ್ಡು ಕೊಡಲೇಬೇಕಾದ ಅಗತ್ಯವೂ ಇಲ್ಲ: ಅಧಿಕೃತ ಕೈಪಿಡಿಯಲ್ಲಿ ಮೊದಲ ಎರಡು ಆಯಾಮದ ಆಟವನ್ನು ಹಂತಹಂತವಾಗಿ ಕಟ್ಟಿಸುವ ಪಾಠವಿದೆ, ಜಿಡಿಕ್ವೆಸ್ಟ್ ತಂಡದವರು ಬ್ರೌಸರಿನಲ್ಲೇ ಅಭ್ಯಾಸ ಮಾಡಿಸುತ್ತಾ ಭಾಷೆಯನ್ನು ಸೊನ್ನೆಯಿಂದ ಕಲಿಸುವ ಉಚಿತ ಪಾಠಮಾಲೆಯನ್ನು ಇಟ್ಟಿದ್ದಾರೆ.

ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು. ಒಳಸರಿಸಲು ಎಡಿಟರ್ ಟ್ಯಾಬ್ ಬಳಸುತ್ತದೆ. ಬೇರೆಲ್ಲಿಂದಲೋ ನಕಲು ಮಾಡಿ ತಂದ ಸಾಲಿನಲ್ಲಿ ಸ್ಪೇಸ್ ಇದ್ದರೆ ಎರಡೂ ಒಂದೇ ರೀತಿ ಕಂಡರೂ ಪ್ರೋಗ್ರಾಂ ಓಡುವುದಿಲ್ಲ. ಹಾಗೆಯೇ ಡಾಲರ್ ಚಿಹ್ನೆ ಬರೆದು ಮರದ ಕೊಂಬೆಯ ಹೆಸರು ಹೇಳಿ ನೋಡ್ ಅನ್ನು ಕರೆಯುವ ಅಂದದ ಸೌಲಭ್ಯ, ಆ ನೋಡ್ ಅನ್ನು ಬೇರೆ ಕೊಂಬೆಗೆ ಸರಿಸಿದ ದಿನ ಕೈಕೊಡುತ್ತದೆ. ಅದರ ಬದಲು ನೋಡ್‌ಗೆ ಸೀನಿನಲ್ಲೇ ವಿಶಿಷ್ಟ ಹೆಸರು ಎಂದು ಗುರುತು ಹಾಕಿ ಶೇಕಡಾ ಚಿಹ್ನೆಯಿಂದ ಕರೆದರೆ, ಆ ಸೀನಿನೊಳಗೆ ಎಲ್ಲಿದ್ದರೂ ಸಿಗುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಮ್ಮ ಎರಡು ದಿನ ಉಳಿಯುತ್ತಿತ್ತು.

ಮುಂದೆ ಕೆಲಸಕ್ಕೆ ಬರುತ್ತದೆಯೇ ಎಂದು ಪಾಲಕರು ಕೇಳುವುದು ಸಹಜ. ಜಿಡಿಸ್ಕ್ರಿಪ್ಟ್‌ನಲ್ಲಿ ವೆಬ್‌ಸೈಟ್ ಮಾಡುವುದಿಲ್ಲ, ಡೇಟಾ ವಿಶ್ಲೇಷಣೆ ಮಾಡುವುದಿಲ್ಲ. ಗೊಡೋದ ಆಚೆ ಅದನ್ನು ಕೇಳುವವರಿಲ್ಲ. ಪರೀಕ್ಷೆಗೆ ಪೈಥಾನ್ ಇರುವ ಮಗುವಿಗೆ ಪೈಥಾನ್ ಕಲಿಸುವುದೇ ಸರಿ. ಆದರೆ ಆಟವೇ ಗುರಿಯಾಗಿದ್ದರೆ, ಪೈಥಾನ್‌ನಲ್ಲಿ ಪೈಗೇಮ್ ಎಂಬ ಆಟದ ಲೈಬ್ರರಿ ಹಿಡಿದು ಕಿಟಕಿ ತೆರೆಯುವುದು, ಲೂಪ್ ಬರೆಯುವುದು, ಚಿತ್ರಗಳ ಲೆಕ್ಕ ಇಡುವುದು ಎಂದು ಎಲ್ಲವನ್ನೂ ಕೈಯಾರೆ ಮಾಡುವ ಹೊತ್ತಿಗೆ ಮಕ್ಕಳ ಉತ್ಸಾಹ ತಣ್ಣಗಾಗಿರುತ್ತದೆ ಎಂಬುದು ನನ್ನ ಅನಿಸಿಕೆ. ವೇಗದಲ್ಲಿ ಇದು ಸಿ ಶಾರ್ಪ್, ಸಿ ಪ್ಲಸ್ ಪ್ಲಸ್‌ಗಳ ಹಿಂದಿದೆ. ಹದಿನಾಲ್ಕು ಗುಳಿಗಳ ಆಟದಲ್ಲಿ ಅದು ಗೊತ್ತಾಗುವುದಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ 4ನೇ ಆವೃತ್ತಿಯನ್ನೇ ಬಳಸಬೇಕೆನ್ನಲು ಇನ್ನೊಂದು ಕಾರಣ ಸಿಗುತ್ತದೆ. 3ರಲ್ಲಿ ಸಂಯುಕ್ತಾಕ್ಷರಗಳನ್ನು ಜೋಡಿಸುವ ವ್ಯವಸ್ಥೆಯೇ ಇರಲಿಲ್ಲ; ‘ಅಜ್ಜಿ’ ಎಂದು ಬರೆದರೆ ಜಕಾರದ ಒತ್ತು ಕೆಳಗೆ ಕೂರದೆ, ಅರ್ಧಾಕ್ಷರ ಬಿಚ್ಚಿಕೊಂಡು ಪಕ್ಕದಲ್ಲಿ ನಿಲ್ಲುತ್ತಿತ್ತು. 4ರಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಒಳಗೇ ಸೇರಿರುವುದರಿಂದ ಒತ್ತು, ಕೊಂಬು, ದೀರ್ಘ ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ. ಆದರೆ ‘ಅಜ್ಜಿ’ಯ ಉದ್ದವೆಷ್ಟು ಎಂದು ಭಾಷೆಯನ್ನು ಕೇಳಿದರೆ ಎರಡು ಎನ್ನದೆ ಐದು ಎನ್ನುತ್ತದೆ, ಅರ್ಧಾಕ್ಷರದ ಹಾಗೂ ಗುಣಿತದ ಚಿಹ್ನೆಗಳನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಪದಬಂಧದಂಥ ಆಟ ಮಾಡುವವರು ಇದನ್ನು ಗಮನದಲ್ಲಿಡಬೇಕು. ವೇರಿಯಬಲ್‌ಗಳಿಗೂ ಫಂಕ್ಷನ್‌ಗಳಿಗೂ ಕನ್ನಡದಲ್ಲೇ ಹೆಸರಿಡಲು ಈಗ ಅವಕಾಶವಿದೆ. ಹುಡುಗಿ ಹುಮ್ಮಸ್ಸಿನಿಂದ ‘ಗುಳಿಗಳು’, ‘ಕೈಬೀಜ’ ಎಂದೆಲ್ಲ ಹೆಸರಿಟ್ಟಳು, ಎಲ್ಲ ಸರಿಯಾಗಿಯೇ ಓಡಿತು. ಆದರೆ ‘ಇಫ್’, ‘ಫಾರ್’ಗಳು ಇಂಗ್ಲಿಷಿನವೇ ಆದ್ದರಿಂದ ಪದಪದಕ್ಕೂ ಕೀಲಿಮಣೆ ಬದಲಿಸುವ ಕಾಟ ತಾಳದೆ ಮೂರನೆಯ ದಿನ ಬಿಟ್ಟುಕೊಟ್ಟಳು. ಈಗ ಕನ್ನಡ ಉಳಿದಿರುವುದು ಟಿಪ್ಪಣಿ ಸಾಲುಗಳಲ್ಲಿ ಮತ್ತು ಆಟದ ಪರದೆಯ ಮೇಲೆ.

ಪರದೆಯ ಮೇಲಿನ ಕನ್ನಡವೂ ಒಮ್ಮೆ ಕೈತಪ್ಪಿತ್ತು. ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಆಟವನ್ನು ಬ್ರೌಸರಿನಲ್ಲಿ ಆಡುವಂತೆ ರಫ್ತು ಮಾಡಿ, ಕೊಂಡಿಯನ್ನು ಅಣ್ಣನಿಗೆ ಕಳುಹಿಸಿದಾಗ, ‘ನಿಮ್ಮ ಸರದಿ’ ಎಂದು ಇರಬೇಕಾದಲ್ಲಿ ಸಾಲಾಗಿ ಖಾಲಿ ಚೌಕಗಳಿವೆ ಎಂದು ಫೋನ್ ಬಂತು. ಕಂಪ್ಯೂಟರಿನಲ್ಲಿ ಆಟ ಓಡುವಾಗ ಗೊಡೋ ತನ್ನಲ್ಲಿಲ್ಲದ ಅಕ್ಷರಗಳನ್ನು ವಿಂಡೋಸ್‌ನಿಂದ ಎರವಲು ಪಡೆಯುತ್ತದೆ; ಬ್ರೌಸರಿನಲ್ಲಿ ಹಾಗೆ ಎರವಲು ಸಿಗುವುದಿಲ್ಲ, ಫಾಂಟನ್ನು ಆಟದ ಜೊತೆಗೇ ಕಟ್ಟಿ ಕಳುಹಿಸಬೇಕು. ಮುಕ್ತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಪ್ರಾಜೆಕ್ಟಿನ ಫೋಲ್ಡರಿಗೆ ಎಳೆದು ಹಾಕಿ, ಥೀಮ್‌ನಲ್ಲಿ ಅದನ್ನೇ ಮೂಲ ಫಾಂಟ್ ಎಂದು ಸೂಚಿಸಿ, ಮತ್ತೆ ರಫ್ತು ಮಾಡಲು ಹತ್ತು ನಿಮಿಷ ಸಾಕಾಯಿತು. ಅಣ್ಣ ಎರಡನೆಯ ಸಲ ಫೋನ್ ಮಾಡಿದ್ದು ಅಕ್ಷರದ ದೂರಿಗಲ್ಲ, ಕೊನೆಯ ಬೀಜ ಹಾಕಿದ ಮೇಲೆ ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯದು ತನಗೇ ಸೇರಬೇಕಲ್ಲವೇ ಎಂದು ವಾದಿಸಲು.